ಕಿಬುತ್ಸ್‌ಗೆ ಹೊರಟಿದ್ದೀರಾ? ವಿಮೆ ಕಾಗದದ ಹಿಂಬದಿ ಓದಿ

ಹೋದ ವಾರ ಸಾಗರದ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಡಿಗ್ರಿ ಮುಗಿದಿದೆ, ಇಸ್ರೇಲ್‌ನ ಕಿಬುತ್ಸ್‌ಗೆ ವಾಲಂಟಿಯರ್ ಆಗಿ ಹೊರಟಿದ್ದೇನೆ, ನೀವೂ ಹೋಗಿದ್ರಂತಲ್ಲ ಅಣ್ಣ, ಹೇಗಿರುತ್ತೆ ಅಂದ. ಏಜೆಂಟ್ ಕೊಟ್ಟ ಕಾಗದಗಳ ಫೋಟೋ ಕಳಿಸು ಅಂದೆ. ನೋಡಿದರೆ 2019ರಲ್ಲಿ ನನ್ನ ಕೈಗೆ ಬಂದಂಥವೇ. ಒಂದು ಟೂರಿಸ್ಟ್ ವೀಸಾ, ಒಂದು ಟ್ರಾವೆಲ್ ಇನ್ಶೂರೆನ್ಸ್. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಿಬುತ್ಸ್ ಅಂದರೆ ಎಲ್ಲರೂ ಸೇರಿ ದುಡಿದು ಬಂದದ್ದನ್ನು ಹಂಚಿಕೊಂಡು ಬಾಳೋಣ ಅಂತ ಕಟ್ಟಿದ ಹಳ್ಳಿ. ಮೊದಲನೆಯದು ದೆಗಾನಿಯಾ, 1910ರ ಸುಮಾರಿಗೆ ಗಲಿಲೀ ಸರೋವರದ ದಂಡೆಯಲ್ಲಿ ಶುರುವಾಗಿದ್ದು. 1967ರ ಅರಬ್-ಇಸ್ರೇಲ್ ಯುದ್ಧದ ನಂತರ ಹೊರದೇಶದ ಹುಡುಗ ಹುಡುಗಿಯರು ಅಲ್ಲಿಗೆ ದಂಡುದಂಡಾಗಿ ಹೋದರು, ನಾನು ಓದಿಕೊಂಡಿದ್ದೆಲ್ಲ ಆ ಕಾಲದ ಕಥೆ. ನಮ್ಮಪ್ಪನಿಗೆ ಅದೆಲ್ಲ ಬೇಕಿರಲಿಲ್ಲ. ನೆಟಾಫಿಮ್ ಡ್ರಿಪ್ ಪೈಪು 1965ರಲ್ಲಿ ಹತ್ಸೆರಿಮ್ ಅನ್ನೋ ಕಿಬುತ್ಸ್‌ನಲ್ಲಿ ಶುರುವಾಗಿದ್ದು ಅಂತ ಹೇಳಿದ್ದಕ್ಕೇ 'ಹೋಗಿ ಬಾ, ತೋಟಕ್ಕೆ ಏನಾದ್ರೂ ಕಲಿತೀಯ' ಅಂದುಬಿಟ್ಟರು.

ಬೆಂಗಳೂರಿನ ಏಜೆಂಟ್ 1 ಲಕ್ಷ 20 ಸಾವಿರ ತೆಗೆದುಕೊಂಡ. ವಾಲಂಟಿಯರ್‌ಗೆ ಬಿ/4 ಅಂತ ಬೇರೆ ವೀಸಾನೇ ಇದೆ. ಅದು ಯಾಕೆ ಇಲ್ಲ ಅಂದರೆ 'ಅಲ್ಲಿ ಹೋದಮೇಲೆ ಆಗುತ್ತೆ' ಅಂದ. ನಾನೂ ಸುಮ್ಮನಾದೆ. ದಡ್ಡತನ ನನ್ನದೂ ಇದೆ, ಇಲ್ಲ ಅನ್ನಲ್ಲ.

ನಾನಿದ್ದದ್ದು ದಕ್ಷಿಣದ ಅರವಾ ಮರಳುಗಾಡಿನಲ್ಲಿ. ಎದುರಿಗೆ ಜೋರ್ಡಾನ್‌ನ ಬೆಟ್ಟ, ಸಂಜೆ ಕೆಂಪಗಾಗುತ್ತದೆ. ವಾರಕ್ಕೆ ಆರು ದಿನ ಕೆಲಸ. ಭಾನುವಾರ ಬೆಳಗ್ಗೆ ಶುರು, ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಿಡುವು, ಶನಿವಾರ ರಜೆ. ರಜೆ ಅಂದರೂ ಆವತ್ತು ಹೆಚ್ಚುಕಮ್ಮಿ ಬಸ್ಸೇ ಇಲ್ಲ, ಎಲ್ಲಿಗೂ ಹೋಗಲಾಗಲ್ಲ. ತಿಂಗಳಿಗೆ 500 ಶೆಕೆಲ್‌ಗೂ ಕಡಿಮೆ ಕೈಖರ್ಚು, ರೂಮು, ಊಟ. ಮೊದಲ ಎರಡು ವಾರ ಊಟದ ಮನೆಯಲ್ಲಿ ಪಾತ್ರೆ ತೊಳೆಯುವ ಮಷೀನಿನ ಮುಂದೆ ನಿಂತಿದ್ದೆ. ಟ್ರೇ ಬರುತ್ತಲೇ ಇರುತ್ತವೆ, ಸೌತೆಕಾಯಿ ಚೂರು, ಕಾಟೇಜ್ ಚೀಸ್, ಆಲಿವ್ ಬೀಜ, ಅದರ ಬಿಸಿ ಹಬೆ ಮುಖಕ್ಕೆ. ಅಷ್ಟರಲ್ಲೇ ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆಮೇಲೆ ಖರ್ಜೂರದ ತೋಟಕ್ಕೆ ಹಾಕಿದರು. ಹೂವಿಗೆ ಪರಾಗ ಹಾಕುವ ಹೊತ್ತು ಬರುವ ಮೊದಲು ಗರಿಗಳ ಬುಡದ ಮುಳ್ಳು ಕತ್ತರಿಸಬೇಕು, ಇಲ್ಲದಿದ್ದರೆ ಕೈ ಹಾಕೋಕೇ ಆಗಲ್ಲ. ನಾನು ಅಡಿಕೆ ತೋಟದವನು, ಮರ ಅಂದರೆ ಹೆದರಿಕೆ ಇಲ್ಲ ಅಂತ ಜಂಬ. ಆದರೆ ಅಡಿಕೆ ಮರಕ್ಕೆ ಮುಳ್ಳಿಲ್ಲವಲ್ಲ! ಇದರ ಮುಳ್ಳು ಬೆರಳುದ್ದ, ತುದಿ ದಬ್ಬಣದ ಹಾಗೆ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಥಾಯ್ಲೆಂಡಿನವನೊಬ್ಬ ಕೈ ಹಿಡಿದು ಕತ್ತಿ ಹೇಗೆ ಹಿಡಿಯಬೇಕು ಅಂತ ತೋರಿಸಿದ. ಅವನಿಗೆ ದಪ್ಪ ಚರ್ಮದ ಗ್ಲೌಸ್, ನನಗೆ ಕೊಟ್ಟಿದ್ದು ತೆಳು ಬಟ್ಟೆಯದ್ದು. ನಾಲ್ಕನೇ ದಿನ ಬಲಗೈ ತೋರುಬೆರಳಿನ ಗೆಣ್ಣಿಗೇ ಮುಳ್ಳು ಚುಚ್ಚಿತು. ಹಲ್ಲಲ್ಲಿ ಕಚ್ಚಿ ಎಳೆದು ಬಿಸಾಕಿ ಕೆಲಸ ಮುಂದುವರಿಸಿದೆ.

ಮೂರು ದಿನಕ್ಕೆ ಬೆರಳು ಸೌತೆಕಾಯಿ ಥರ ಊದಿತು, ಮಡಚೋಕೆ ಆಗಲ್ಲ. ವಾಲಂಟಿಯರ್‌ಗಳನ್ನು ನೋಡಿಕೊಳ್ಳುವ ಹೆಂಗಸು ಅದನ್ನು ನೋಡಿ 'ಯಿಹ್ಯೆ ಬೆಸೆದೆರ್' ಅಂದಳು. ಎಲ್ಲ ಸರಿಹೋಗುತ್ತೆ ಅಂತ ಅರ್ಥ, ಅಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳುವ ಮಾತು. ಸರಿಹೋಗಲಿಲ್ಲ. ಐಲಾತ್ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಕಿಬುತ್ಸ್‌ನ ಒಬ್ಬ ಮುದುಕ, ತನ್ನ ಹಳೇ ಕಾರಿನಲ್ಲಿ, ಯಾರೂ ಹೇಳದೆ ತಾನಾಗಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಗಿಡದ ಮುಳ್ಳು ಎಕ್ಸ್‌ರೇಗೆ ಸಾಮಾನ್ಯವಾಗಿ ಕಾಣುವುದಿಲ್ಲವಂತೆ. ಅಲ್ಟ್ರಾಸೌಂಡ್ ಮಾಡಿದಾಗ ಮುರಿದ ತುದಿ ಒಳಗೇ ಕೂತಿದ್ದು ಗೊತ್ತಾಯಿತು. ಕುಯ್ದು ತೆಗೆದರು.

ಬಿಲ್ 4,200 ಶೆಕೆಲ್. ಆಗಿನ ಲೆಕ್ಕದಲ್ಲಿ 80 ಸಾವಿರ ರೂಪಾಯಿ ಹತ್ತಿರ.

ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ, 'ಗಾಯ ಆಗುವಾಗ ಏನು ಮಾಡುತ್ತಿದ್ದಿರಿ?' ನಿಜ ಹೇಳಿದೆ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಮೈಮುರಿದು ಮಾಡುವ ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರವಿಲ್ಲ ಅಂತ. ಉಳಿದ ವಾಲಂಟಿಯರ್‌ಗಳಿಗೆ ಬೇರೆ ವಿಮೆ ಇತ್ತು. ಅವರು ಟೆಲ್ ಅವೀವ್‌ನಲ್ಲಿರುವ ಕಿಬುತ್ಸ್ ವಾಲಂಟಿಯರ್ ಕಚೇರಿಯ ಮೂಲಕ ಬಂದವರು, ಬಿ/4 ಇದ್ದವರು. ನಾನು ಆ ಪಟ್ಟಿಯಲ್ಲೇ ಇರಲಿಲ್ಲ. ಟೂರಿಸ್ಟ್ ವೀಸಾದವನನ್ನು ತೋಟಕ್ಕೆ ಇಳಿಸುವ ಮೊದಲು ಕಿಬುತ್ಸ್‌ನವರಾದರೂ ಕೇಳಬೇಕಿತ್ತು ಅಲ್ವಾ? ಕೇಳಲಿಲ್ಲ. ಎರಡು ತಿಂಗಳಿಗಿಂತ ಮೊದಲೇ ಹೊರಟೆ ಅಂತ ಸೇರುವಾಗ ಕಟ್ಟಿದ್ದ ಡಿಪಾಸಿಟ್ ಹಣವನ್ನೂ ವಾಪಸ್ ಕೊಡಲಿಲ್ಲ.

ದುಡ್ಡು ಸಾಲ ಕೊಟ್ಟಿದ್ದು ಟೆಲ್ ಅವೀವ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಮಂಗಳೂರಿನ ಒಬ್ಬರು ಅಕ್ಕ. ಕರಾವಳಿಯ ಎಷ್ಟೋ ಜನ ಅಲ್ಲಿ ಆ ಕೆಲಸದಲ್ಲಿದ್ದಾರೆ. ಸಾರು ಅನ್ನ ಬಡಿಸಿ ಅವರು ಹೇಳಿದ್ದು, 'ನಾವು ವರ್ಕ್ ವೀಸಾದಲ್ಲಿ ಬಂದವರು ಮಾರಾಯ, ನಮ್ಮ ಕಾಗದ ನಾವೇ ನಾಲ್ಕು ಸಲ ಓದ್ತೇವೆ. ನೀನು ಒಂದು ಸಲ ಆದ್ರೂ ಓದಿದ್ಯಾ?'

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಅಲ್ಲಿಗೆ ಹೋಗಬೇಕಾ ಬೇಡವಾ ಅನ್ನೋದೇ ಬೇರೆ ದೊಡ್ಡ ಪ್ರಶ್ನೆ, ಅದನ್ನು ನೀವು ಮನೆಯವರ ಜೊತೆ ಕೂತು ತೀರ್ಮಾನ ಮಾಡಿ. ಹೋಗೋದೇ ಆದರೆ ಏಜೆಂಟ್‌ನ ಬಿಡಿ, ವಾಲಂಟಿಯರ್ ಕಚೇರಿಗೆ ನೀವೇ ಇಮೇಲ್ ಬರೆಯಿರಿ. ಯಾವ ವೀಸಾ, ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ, ತೋಟದಲ್ಲಿ ಗಾಯವಾದರೆ ಬಿಲ್ ಯಾರು ಕೊಡುತ್ತಾರೆ, ಮಧ್ಯದಲ್ಲಿ ಬಿಟ್ಟು ಬಂದರೆ ಡಿಪಾಸಿಟ್ ಏನಾಗುತ್ತೆ, ಇಷ್ಟಕ್ಕೂ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಪಾಸ್‌ಪೋರ್ಟ್ ಯಾರ ಕೈಗೂ ಕೊಟ್ಟಿಡಬೇಡಿ. ಒಂದು ಜೊತೆ ಚರ್ಮದ ಗ್ಲೌಸ್ ಇಲ್ಲಿಂದಲೇ ಒಯ್ಯಿರಿ.

ಸಾಗರದ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಬಿ/4 ಯಾಕೆ ಮಾಡಿಸಿಲ್ಲ ಅಂತ ಏಜೆಂಟ್‌ನ ಕೇಳಿದನಂತೆ. 'ಅಲ್ಲಿ ಹೋದಮೇಲೆ ಆಗುತ್ತೆ' ಅಂದನಂತೆ. ಅಣ್ಣ, ಆಗಲೇ 20 ಸಾವಿರ ಮುಂಗಡ ಕೊಟ್ಟುಬಿಟ್ಟಿದ್ದೀನಲ್ಲ ಅಂದ. ಅದು ಹೋದರೆ ಹೋಗಲಿ ಬಿಡು ಅಂದೆ.