ಕ್ಲಸ್ಟರ್‌ನಲ್ಲಿ ಸಹಯೋಗವನ್ನು ಅಳೆಯುವುದು: ದಾಖಲೆ ನೋಡಬೇಕೆ, ಸಂಬಂಧಗಳ ನಕ್ಷೆ ಬರೆಯಬೇಕೆ?

ಬೆಳಗಾವಿಯ ಉದ್ಯಮಬಾಗ್‌ನಂತಹ ಎರಕ ಉದ್ಯಮದ ಕ್ಲಸ್ಟರ್‌ನಲ್ಲಿ, ಅಂದರೆ ಒಂದೇ ಬಗೆಯ ಘಟಕಗಳು ಒತ್ತಟ್ಟಿಗಿರುವ ನೆಲೆಯಲ್ಲಿ, ಆ ಘಟಕಗಳು ನಿಜವಾಗಿಯೂ ಒಟ್ಟಾಗಿ ದುಡಿಯುತ್ತಿವೆಯೇ ಎಂದು ತಿಳಿಯಬಯಸುವ ಸಂಘದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು, ಘಟಕಗಳೆಲ್ಲ ಹಂಚಿಕೊಂಡು ಬಳಸುವ ಯಂತ್ರಗಳಿರುವ ಸಾಮಾನ್ಯ ಸೌಲಭ್ಯ ಕೇಂದ್ರದ ದಾಖಲೆಗಳನ್ನು ಪರಿಶೀಲಿಸುವುದು. ಅಚ್ಚಿಗೆ ಬಳಸಿದ ಮರಳಿನ ಪುನಶ್ಚೇತನ ಅಥವಾ ಲೋಹಪರೀಕ್ಷೆಗೆ ಯಾವ ಘಟಕ ಎಷ್ಟು ಬಾರಿ ಬಂದಿತೆಂಬುದು ಕಡಿಮೆ ಖರ್ಚಿನಲ್ಲಿ, ತಿಂಗಳು ತಿಂಗಳೂ ಸಿಗುತ್ತದೆ. ಆದರೆ ಒಂದೇ ಯಂತ್ರವನ್ನು ಸರದಿಯಲ್ಲಿ ಬಳಸುವವರು ಪರಸ್ಪರ ಮಾತನ್ನೂ ಆಡದಿರಬಹುದು, ಬಳಕೆಯೇ ಸಹಯೋಗವಲ್ಲ.

ಎರಡನೆಯದು ಸಂಬಂಧಗಳ ನಕ್ಷೆ. ಹೆಚ್ಚಿನ ಆರ್ಡರ್ ಬಂದಾಗ ಯಾರಿಗೆ ಹಂಚುತ್ತೀರಿ, ಎರಕದಲ್ಲಿ ದೋಷ ಕಂಡರೆ ಯಾರನ್ನು ಕೇಳುತ್ತೀರಿ, ಪ್ಯಾಟರ್ನ್ (ಅಚ್ಚು ತಯಾರಿಸಲು ಬಳಸುವ ಮಾದರಿ) ಯಾರಿಂದ ಎರವಲು ತರುತ್ತೀರಿ ಎಂದು ಪ್ರತಿ ಮಾಲೀಕರನ್ನೂ ಕೇಳಿ, ಉತ್ತರಗಳನ್ನು ಎರಡೂ ಕಡೆಯಿಂದ ತಾಳೆ ನೋಡಿ, ಪ್ರತಿ ನಂಟಿಗೂ ನಕ್ಷೆಯಲ್ಲಿ ಒಂದು ಗೆರೆ ಎಳೆಯಬೇಕು. ಒಬ್ಬರು ಹೆಸರಿಸಿದ ನಂಟನ್ನು ಇನ್ನೊಬ್ಬರು ಹೆಸರಿಸದಿದ್ದರೆ ಅದೇ ಮಹತ್ವದ ಸುಳಿವು. ಎಲ್ಲ ಗೆರೆಗಳೂ ಒಂದೇ ದೊಡ್ಡ ಖರೀದಿದಾರನತ್ತ ಹೋಗುತ್ತಿದ್ದರೆ ಅದು ಅವಲಂಬನೆಯೇ ಹೊರತು ಸಹಯೋಗವಲ್ಲ. ಇದಕ್ಕೆ ಸಮಯ ಬೇಕು, ಅದಕ್ಕಿಂತ ಹೆಚ್ಚಾಗಿ ನಂಬಿಕೆ ಬೇಕು: ಗ್ರಾಹಕರ ಹೆಸರನ್ನು ಪ್ರತಿಸ್ಪರ್ಧಿಯ ಕಿವಿಗೆ ಬೀಳಿಸಲು ಯಾರೂ ಒಪ್ಪುವುದಿಲ್ಲವಾದ್ದರಿಂದ ಪ್ರಶ್ನೆ ಕೇಳುವವರು ಹೊರಗಿನವರಾಗಿರುವುದು ಲೇಸು.

ಕೇಂದ್ರ ಸರ್ಕಾರದ ಕ್ಲಸ್ಟರ್ ಯೋಜನೆಯ ಅನುದಾನಕ್ಕೆ ಲೆಕ್ಕ ಒಪ್ಪಿಸುವುದಷ್ಟೇ ಉದ್ದೇಶವಾದರೆ ದಾಖಲೆ ಸಾಕು. ಹೊಸ ಕೇಂದ್ರವನ್ನು ಕಟ್ಟುವ ಮುನ್ನ ಮಾತ್ರ ನಾನು ನಕ್ಷೆಯನ್ನೇ ಆರಿಸುತ್ತೇನೆ, ಏಕೆಂದರೆ ಆಗ ನೋಡಲು ದಾಖಲೆಯೇ ಇರುವುದಿಲ್ಲ.