ಎರಡು ದಿನದ ದುಡ್ಡಿಗೆ ಒಂದು ದಿನದ ಏಣು: ಕ್ರೀಬ್ ಗೋಖ್‌ನಲ್ಲಿ ಮಾರ್ಗದರ್ಶಿಯ ಸೇವೆ

ಉತ್ತರ ವೇಲ್ಸ್‌ನ ಕ್ರೀಬ್ ಗೋಖ್ ಎಂಬ ಬೆಟ್ಟದ ಏಣನ್ನು, ಅಂದರೆ ಎರಡೂ ಪಕ್ಕ ಆಳವಿರುವ ಚೂಪು ನೆತ್ತಿಯನ್ನು, ದಾಟಿಸಿಕೊಡಲು ನಾನೂ ನನ್ನ ಮೈದುನನೂ ಒಬ್ಬ ಮಾರ್ಗದರ್ಶಿಗೆ ಎರಡು ಸಲ ದುಡ್ಡು ಕೊಟ್ಟೆವು. ಒಮ್ಮೆ ಅಕ್ಟೋಬರಿನಲ್ಲಿ, ಮತ್ತೊಮ್ಮೆ ಮುಂದಿನ ಮೇ ತಿಂಗಳಿನಲ್ಲಿ. ಎರಡೂ ದಿನಕ್ಕೆ ಪೂರ್ತಿ ಹಣ ಹೋಯಿತು, ಏಣಿನ ಮೇಲೆ ಕಾಲಿಟ್ಟದ್ದು ಒಂದೇ ದಿನ. ಹಾಗಿದ್ದೂ ನಾನು ಈ ಸೇವೆಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅವರು ಒಬ್ಬರೇ ನಡೆಸುವ ಸಣ್ಣ ಸೇವೆ ಅದು. ಈಗಾಗಲೇ ಕೈತುಂಬ ಕೆಲಸವಿದೆ, ಹೆಸರು ಬರೆಯುವುದು ಬೇಡ ಎಂದು ಅವರೇ ಕೇಳಿಕೊಂಡದ್ದರಿಂದ ಇಲ್ಲಿ ಹೆಸರಿಲ್ಲ. ಇಂಥ ಸೇವೆಯನ್ನು ಹುಡುಕುವವರು ಏನನ್ನು ನೋಡಿ ಒಪ್ಪಿಕೊಳ್ಳಬೇಕು ಎಂಬುದನ್ನು ಹೆಸರಿಲ್ಲದೆಯೂ ಹೇಳಬಹುದು.

ಮೊದಲು ಜಾಗದ ವಿಚಾರ. ಸ್ನೋಡನ್ ಎಂದು ನಾವು ಶಾಲೆಯಲ್ಲಿ ಓದಿದ ಬೆಟ್ಟವನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನದ ಆಡಳಿತ 2022ರಿಂದ ಅದರ ವೆಲ್ಷ್ ಹೆಸರಿನಲ್ಲಿಯೇ, ಅಂದರೆ ಅರ್ ವಿದ್ವ ಎಂದೇ ಕರೆಯುತ್ತಿದೆ. 1,085 ಮೀಟರ್ ಎತ್ತರದ ಈ ಶಿಖರ ವೇಲ್ಸ್‌ಗೆಲ್ಲ ದೊಡ್ಡದು. ಅದರ ಪೂರ್ವಕ್ಕೆ ಚಾಚಿಕೊಂಡಿರುವ ಒಂದು ತೋಳೇ 923 ಮೀಟರಿನ ಕ್ರೀಬ್ ಗೋಖ್. ಕ್ರೀಬ್ ಎಂದರೆ ಬಾಚಣಿಗೆ, ಗೋಖ್ ಎಂದರೆ ಕೆಂಪು. ಕೆಳಗಿನ ರಸ್ತೆಯಿಂದ ನೋಡಿದರೆ ಹಲ್ಲು ಮುರಿದ ಬಾಚಣಿಗೆಯನ್ನು ಆಕಾಶಕ್ಕೆ ಎತ್ತಿ ಹಿಡಿದಂತೆಯೇ ಕಾಣುತ್ತದೆ. ಎತ್ತರದ ಲೆಕ್ಕ ಹಿಡಿದರೆ ನಮ್ಮ ಕುಮಾರ ಪರ್ವತದ 1,712 ಮೀಟರಿಗೆ ಇದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಮೂರು ಸಲ ಕುಕ್ಕೆಯಿಂದ ಹೊರಟು ಕುಮಾರ ಪರ್ವತ ಹತ್ತಿಳಿದ ನನ್ನ ಮೈದುನ ಈ ಅಂಕಿಯನ್ನು ಓದಿಯೇ, "ಇದಕ್ಕೂ ಗೈಡ್ ಬೇಕಾ ಭಾವ?" ಎಂದು ನಕ್ಕಿದ್ದ.

ಅವನ ನಗು ಅರ್ಥವಾಗುವಂಥದೇ. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆ ದಾಟಿ ಶೇಷಪರ್ವತದವರೆಗಿನ ಬಿಸಿಲಿನ ಹುಲ್ಲುಗಾವಲಿನಲ್ಲಿ ಪರೀಕ್ಷೆಯಾಗುವುದು ಉಸಿರು ಮತ್ತು ಮಂಡಿ. ಕ್ರೀಬ್ ಗೋಖ್‌ನಲ್ಲಿ ಉಸಿರಿಗೆ ಅಂಥ ಕಷ್ಟವೇನಿಲ್ಲ. ವಾಹನ ನಿಲ್ಲಿಸುವ ಪೆನ್-ಅ-ಪಾಸ್ ಎಂಬ ಕಣಿವೆಯ ನೆತ್ತಿಯೇ 359 ಮೀಟರಿನಲ್ಲಿದೆ. ಇಲ್ಲಿ ಪರೀಕ್ಷೆಯಾಗುವುದು ಕೈ, ಮತ್ತು ಕೈಯನ್ನು ನಂಬುವ ಮನಸ್ಸು. ಇಲ್ಲಿಯವರು ಸ್ಕ್ರ್ಯಾಂಬ್ಲಿಂಗ್ ಎನ್ನುವುದು ನಡಿಗೆಗೂ ಬಂಡೆ ಏರುವ ಕ್ರೀಡೆಗೂ ನಡುವಿನ ಕೆಲಸ: ಕೈ ಊರದೆ ಮುಂದೆ ಹೋಗಲಾಗದು, ಆದರೆ ಹಿಡಿಕೆಗಳು ದೊಡ್ಡವಾಗಿ ಧಾರಾಳವಾಗಿರುತ್ತವೆ. ಒಂದರಿಂದ ಮೂರರವರೆಗಿನ ದರ್ಜೆಗಳಲ್ಲಿ ಕ್ರೀಬ್ ಗೋಖ್ ಮೊದಲನೆಯದು, ಅಂದರೆ ಅತಿ ಸುಲಭದ್ದು. ಈ 'ಸುಲಭ' ಎಂಬ ಮಾತು ಬಂಡೆಯ ಕಷ್ಟವನ್ನು ಮಾತ್ರ ಅಳೆಯುತ್ತದೆಯೇ ಹೊರತು ಎರಡೂ ಪಕ್ಕದ ಆಳವನ್ನಾಗಲಿ, ಗಾಳಿಯನ್ನಾಗಲಿ ಅಳೆಯುವುದಿಲ್ಲ.

ಅಕ್ಟೋಬರಿನ ಆ ದಿನ ಬೆಳಿಗ್ಗೆ ಪೆನ್-ಅ-ಪಾಸ್‌ನಲ್ಲಿ ಮಳೆ ಇರಲಿಲ್ಲ. ಆಕಾಶ ಬೂದಿ ಬಣ್ಣಕ್ಕಿದ್ದರೂ ಶಾಂತವಾಗಿತ್ತು. ಮಾರ್ಗದರ್ಶಿ ತಮ್ಮ ಫೋನಿನಲ್ಲಿದ್ದ ಪರ್ವತ ಪ್ರದೇಶದ ಹವಾಮಾನ ವರದಿಯನ್ನು ನಮಗೆ ಓದಲು ಕೊಟ್ಟರು. 900 ಮೀಟರಿನಲ್ಲಿ ಗಂಟೆಗೆ 50 ಮೈಲಿಯವರೆಗೆ ಬೀಸುಗಾಳಿ ಎಂದಿತ್ತು. "ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿದರು. ನಮಗೆ ಏನೂ ಅನ್ನಿಸಲಿಲ್ಲ, ಏಕೆಂದರೆ ಗಾಳಿಯ ಅಂಕಿಯನ್ನು ಮೈಗೆ ಹೊಂದಿಸಿ ನೋಡುವ ಅಭ್ಯಾಸ ನಮಗಿಲ್ಲ. ಮಲೆನಾಡಿನವರಾದ ನಾವು ಮಳೆಯನ್ನು ಅಳೆಯುತ್ತೇವೆ, ಗಾಳಿಯನ್ನು ಬೈದು ಸುಮ್ಮನಾಗುತ್ತೇವೆ. ಹೋಗಿ ನೋಡೋಣ ಎಂದು ಅವರು ಹೊರಡಿಸಿದರು. ಸುಮಾರು 570 ಮೀಟರಿನಲ್ಲಿ ಬುಲ್ಖ್ ಅ ಮೋಖ್, ಅಂದರೆ ಹಂದಿಗಳ ಕಣಿವೆ, ಎಂಬ ಬೆಟ್ಟದ ತಗ್ಗು ಸಿಗುತ್ತದೆ. ಶಿಖರಕ್ಕೆ ಹೋಗುವ ಮಾಮೂಲಿ ಕಾಲುದಾರಿ ಇಲ್ಲಿಂದ ಮುಂದುವರಿದರೆ ಕ್ರೀಬ್ ಗೋಖ್‌ಗೆ ಬಲಕ್ಕೆ ಏರಬೇಕು. ಆ ತಗ್ಗಿಗೆ ಕಾಲಿಡುತ್ತಿದ್ದಂತೆ ಗಾಳಿ ಎದೆಗೆ ಕೈಯಿಟ್ಟು ದಬ್ಬಿದ ಹಾಗಾಯಿತು. ಮಾರ್ಗದರ್ಶಿ ನಮ್ಮಿಬ್ಬರಿಗೂ ಒಂಟಿ ಕಾಲಿನಲ್ಲಿ ನಿಂತು ಹತ್ತು ಎಣಿಸಲು ಹೇಳಿದರು. ನಾನು ನಾಲ್ಕಕ್ಕೆ, ಮೈದುನ ಆರಕ್ಕೆ ಎರಡನೆಯ ಕಾಲು ಊರಿದೆವು. "ಇಲ್ಲಿಗಿಂತ ಮುನ್ನೂರೈವತ್ತು ಮೀಟರ್ ಮೇಲೆ, ಒಂದು ಕಾಲಿಗಷ್ಟೇ ಜಾಗವಿರುವ ಕಡೆ ಇದನ್ನೇ ಮಾಡಬೇಕಾಗುತ್ತದೆ," ಎಂದರು. ಇಷ್ಟು ಹೇಳಿದ್ದೇ, ಬೇರೆ ಭಾಷಣವಿಲ್ಲದೆ ಹಿಂದಕ್ಕೆ ತಿರುಗಿದರು.

ಆ ಗಳಿಗೆಯಲ್ಲಿ ನನಗೆ ಬಂದದ್ದು ಸಿಟ್ಟೇ. ಇಬ್ಬರಿಗೆ ದಿನಕ್ಕೆ 250 ಪೌಂಡ್, ಮೇಲೆ ಹಿಂದಿನ ರಾತ್ರಿಯ ವಸತಿ. ಹವಾಮಾನದಿಂದ ಯೋಜನೆ ಬದಲಾದರೆ ಹಣ ಹಿಂತಿರುಗುವುದಿಲ್ಲ ಎಂದು ಅವರ ಪತ್ರದಲ್ಲಿ ಮೊದಲೇ ಬರೆದಿತ್ತು. ನಮ್ಮ ಕಣ್ಣೆದುರೇ ಐದಾರು ಜನರ ಗುಂಪೊಂದು ಮೇಲಕ್ಕೆ ಹೊರಟಿತು. ಅವರ ಜೊತೆ ಯಾವ ಮಾರ್ಗದರ್ಶಿಯೂ ಇದ್ದಂತೆ ಕಾಣಲಿಲ್ಲ. ನಾವು ಇಳಿದು, ಹಳೆಯ ತಾಮ್ರದ ಗಣಿಯವರು ಮಾಡಿದ ದಾರಿ ಹಿಡಿದು, ಹ್ಲಿನ್ ಹ್ಲಿಡಾವ್ ಕೆರೆಯ ದಂಡೆಯಲ್ಲಿರುವ ಅದಿರು ಪುಡಿಮಾಡುವ ಗಿರಣಿಯ ಪಾಳು ಗೋಡೆಯ ಮರೆಗೆ ಹೋದೆವು. ಅಲ್ಲಿ ಹತ್ತಿರದ ಪುಟ್ಟ ಬಂಡೆಗಳ ಮೇಲೆ ಮೂರು ತಾಸು ಪಾಠ: ಪಾದದ ಅಂಚನ್ನು ಇಡುವುದು ಹೇಗೆ, ಹಿಡಿಕೆಯನ್ನು ನಂಬುವ ಮುಂಚೆ ಅಂಗೈಯಿಂದ ತಟ್ಟಿ ಅದರ ಸದ್ದು ಕೇಳುವುದು ಹೇಗೆ, ಇಳಿಯುವಾಗ ಯಾವಾಗ ಬಂಡೆಗೆ ಮುಖ ಮಾಡಬೇಕು, ಯಾವಾಗ ಬೆನ್ನು. ಗಟ್ಟಿ ಕಲ್ಲು ತಟ್ಟಿದರೆ ಸದ್ದು ಒಳಗೇ ಸಾಯುತ್ತದೆ; ಸಡಿಲ ಕಲ್ಲು ಖಾಲಿ ಕೊಡದಂತೆ ಮಾತಾಡುತ್ತದೆ. ತೆಂಗಿನಕಾಯಿ ತಟ್ಟಿ ಆರಿಸುವ ನಮಗೆ ಇದೊಂದು ಮಾತ್ರ ಬೇಗ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಮಳೆ ಅಡ್ಡಡ್ಡ ಬಂದು, ಮನೆಯಿಂದ ಕಟ್ಟಿ ತಂದಿದ್ದ ಚಿತ್ರಾನ್ನವನ್ನು ಮರಗಟ್ಟಿದ ಬೆರಳಿನಿಂದ ತಿನ್ನಲಾಗದೆ ಹಾಗೇ ಮುಚ್ಚಿಟ್ಟೆವು. ಮುಂದಿನ ಸಲ ಕಡಲೆಬೀಜದ ಚಿಕ್ಕಿ ಒಯ್ದೆವು. ಕೈಗವಸು ಕಳಚದೆ ತಿನ್ನಬಹುದಾದ ತಿಂಡಿಗಳಲ್ಲಿ ಅದನ್ನು ಮೀರಿಸಿದ್ದು ಇಲ್ಲ.

ಈ ಏಣಿನ ಮಳೆಯ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲಿ ಕ್ರೀಬ್ ಗೋಖ್ ಒಂದು, ವರ್ಷಕ್ಕೆ ಸರಾಸರಿ 4,400 ಮಿಲಿಮೀಟರಿಗೂ ಮಿಕ್ಕಿ. ಆಗುಂಬೆಗೆ ಹೋಲಿಸಿದರೆ ಇದು ಕಡಿಮೆಯೇ. ಆದರೆ ನಮ್ಮ ಘಟ್ಟದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಇಲ್ಲಿಯದು ವರ್ಷದ ಹನ್ನೆರಡು ತಿಂಗಳಿಗೂ ಹಂಚಿಹೋಗಿದೆ. ಆದ್ದರಿಂದ 'ಮಳೆ ನಿಂತ ಮೇಲೆ ಹೋಗೋಣ' ಎಂಬ ನಮ್ಮ ಕಡೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಟ್ಲಾಂಟಿಕ್‌ನಿಂದ ತೇವ ಹೊತ್ತು ಬರುವ ಗಾಳಿ ಈ ಬೆಟ್ಟಗಳಿಗೆ ತಗುಲಿ ಮೇಲೇರಿ ತಣಿಯುವುದರಿಂದ, ಕೆಳಗಿನ ಊರಿನಲ್ಲಿ ಬಿಸಿಲಿದ್ದಾಗಲೂ ಏಣಿನ ಮೇಲೆ ಮೋಡ ಕೂತಿರುತ್ತದೆ.

ಮೇ ತಿಂಗಳ ದಿನ ಅದನ್ನು ಪೂರಾ ತೋರಿಸಿತು. ಬೆಳಿಗ್ಗೆ ಏಳೂವರೆಗೆ ಹೊರಟಾಗ ಬಿಸಿಲು. ಬುಲ್ಖ್ ಅ ಮೋಖ್‌ನಲ್ಲಿ ಹಿತವಾದ ಗಾಳಿ. ಅಲ್ಲಿಂದ ಮೇಲೆ ಬಂಡೆಯ ಮೂಗಿನಂಥ ಏರನ್ನು ಹತ್ತುವಾಗ ಐದು ನಿಮಿಷ ಆಲಿಕಲ್ಲು, ಜೋಳದ ಕಾಳಿನಷ್ಟು ಸಣ್ಣವು, ಹಿಡಿಕೆಯ ಗುಳಿಗಳಲ್ಲೆಲ್ಲ ಬಂದು ಕೂತವು. ಮಾರ್ಗದರ್ಶಿ ಅವಸರ ಮಾಡಲಿಲ್ಲ. ಒಂದು ಚಾಚಿನ ಕೆಳಗೆ ನಮ್ಮನ್ನು ಕೂರಿಸಿ, ಹಗ್ಗ ತೆಗೆದು, ಮೂವರನ್ನೂ ಹತ್ತಿರ ಹತ್ತಿರ ಕಟ್ಟಿದರು. ನನಗೂ ಅವರಿಗೂ ನಡುವೆ ಬಿಟ್ಟ ಹಗ್ಗ ಎರಡು ಮೀಟರಿಗೂ ಕಡಿಮೆ. ಉದ್ದ ಹಗ್ಗವಿದ್ದರೆ ಜಾರಿದವನು ವೇಗ ಕಟ್ಟಿಕೊಳ್ಳುತ್ತಾನೆ. ಗಿಡ್ಡವಿದ್ದರೆ ಕಾಲು ತಪ್ಪಿದ ಮರುಕ್ಷಣವೇ ಎಳೆದು ನಿಲ್ಲಿಸಬಹುದು. ಆ ಹಗ್ಗವನ್ನು ಅವರು ಎಮ್ಮೆಯ ಹಗ್ಗದ ಹಾಗೆ ಸಡಿಲ ಬಿಟ್ಟದ್ದೂ ಇಲ್ಲ, ಬಿಗಿ ಹಿಡಿದದ್ದೂ ಇಲ್ಲ. ದಾಟುವಷ್ಟು ಹೊತ್ತೂ ಅದು ನನ್ನ ಸೊಂಟಕ್ಕೆ ಬೆರಳು ತಾಕಿಸಿಕೊಂಡಿರುವಂತೆ ಇತ್ತು.

ಏಣಿನ ಚೂಪಾದ ಭಾಗ ನೂರಾರು ಮೀಟರ್ ಉದ್ದ. ಬಲಗಡೆ, ಅಂದರೆ ಉತ್ತರಕ್ಕೆ, ಬಂಡೆ ಗೋಡೆಯಂತೆ ನೇರ ಇಳಿಯುತ್ತದೆ. ಎಡಗಡೆಯದು ಕಡಿದಾಗಿದ್ದರೂ ಮೆಟ್ಟಿಲು ಮೆಟ್ಟಿಲಾಗಿದೆ. ಧೈರ್ಯಸ್ಥರು ನೆತ್ತಿಯ ಮೇಲೆಯೇ ನೆಟ್ಟಗೆ ನಡೆಯುತ್ತಾರೆ. ನಮ್ಮಂಥವರು ನೆತ್ತಿಗಿಂತ ಒಂದಾಳು ಕೆಳಗೆ ಎಡಪಕ್ಕದ ಮೆಟ್ಟಿಲುಗಳ ಮೇಲೆ ಕಾಲಿಟ್ಟು, ಏಣಿನ ಅಂಚನ್ನೇ ಕಟ್ಟೆಯ ಅಂಚಿನಂತೆ ಹಿಡಿದು ಸರಿಯುತ್ತೇವೆ. ಜ್ವಾಲಾಮುಖಿ ಮೂಲದ ರೈಯೋಲೈಟ್ ಕಲ್ಲು ಒದ್ದೆಯಾದರೂ ಬಹುಮಟ್ಟಿಗೆ ಹಿಡಿಯುತ್ತದೆ, ಜನರ ಬೂಟು ಉಜ್ಜಿ ನುಣುಪಾದ ಕಡೆಗಳನ್ನು ಬಿಟ್ಟು. ಅರ್ಧ ದಾರಿಯಲ್ಲಿ ಮಂಜು ಕವಿದು, ಕೈಯಳತೆಯ ಆಚೆಗೆ ಏನೂ ಇಲ್ಲವಾಯಿತು. ನಿಜ ಹೇಳಬೇಕೆಂದರೆ ಆಗ ನನಗೆ ಹಾಯೆನಿಸಿತು. ಆಳ ಕಾಣದಿದ್ದರೆ ಆಳವಿಲ್ಲ ಎಂದುಕೊಳ್ಳುವುದು ಸುಲಭ. ಮಾರ್ಗದರ್ಶಿ ಅದನ್ನು ಒಪ್ಪಲಿಲ್ಲ. ಮಂಜಿನಲ್ಲಿ ಜನ ದಾರಿ ತಪ್ಪಿ ಇಳಿಯಬಾರದ ಕಡೆ ಇಳಿಯಲು ಶುರುಮಾಡುವುದೇ ಇಂಥಲ್ಲಿ ಎಂದು, ಮೂರು ಕೋಡುಗಲ್ಲುಗಳ ಹತ್ತಿರ ಬಂದಾಗ ಎಡಕ್ಕೆ ಇಳಿದಂತೆ ಕಾಣುವ ಒಂದು ಸವೆದ ಜಾಡನ್ನು ತೋರಿಸಿದರು. ನಾವಿಬ್ಬರೇ ಆಗಿದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯುತ್ತಿದ್ದೆವು.

ಆ ಕೋಡುಗಲ್ಲುಗಳ ಬಳಿಯೇ ಒಬ್ಬ ಯುವಕ ಬಂಡೆಗೆ ಅಂಟಿಕೊಂಡು ಕೂತಿದ್ದ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವನ ಗೆಳೆಯರು ಮುಂದೆ ಹೋಗಿ ಕೂಗುತ್ತಿದ್ದರು. ನಮ್ಮ ಮಾರ್ಗದರ್ಶಿ ನಮ್ಮನ್ನು ಒಂದು ಕಲ್ಲಿಗೆ ಕಟ್ಟಿ ನಿಲ್ಲಿಸಿ, ಅವನ ಪಕ್ಕ ಕೂತು, ಎಲ್ಲಿಂದ ಬಂದೆ, ಬೆಳಿಗ್ಗೆ ಏನು ತಿಂದೆ ಎಂದು ಮಾತಿಗೆಳೆದರು. ಆಮೇಲೆ ಅವನ ಎಡಗಾಲನ್ನು ತಮ್ಮ ಕೈಯಿಂದಲೇ ಹಿಡಿದು ಮೆಟ್ಟಿಲಿನ ಮೇಲೆ ಇಟ್ಟರು. ಇಪ್ಪತ್ತೈದು ನಿಮಿಷ ಹಿಡಿಯಿತು. ನಾವು ಕೊಟ್ಟ ದುಡ್ಡಿನ ಸಮಯ ಅದು ಎಂದು ಲೆಕ್ಕ ಹಾಕುವವರೂ ಇರಬಹುದು; ನನಗೆ ಹಾಗನ್ನಿಸಲಿಲ್ಲ. ಇಲ್ಲಿ ತೊಂದರೆಯಾದರೆ ಬರುವ ಲಾನ್‌ಬೆರಿಸ್ ಪರ್ವತ ರಕ್ಷಣಾ ತಂಡದವರು ಸ್ವಯಂಸೇವಕರು. ಒಂದು ಪೌಂಡನ್ನೂ ಕೇಳುವುದಿಲ್ಲ, ದಾನದ ಹಣದಿಂದಲೇ ನಡೆಯುತ್ತಾರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕೋಡುಗಲ್ಲು ದಾಟಿದ ಮೇಲೆ 1,065 ಮೀಟರಿನ ಗಾರ್ನೆದ್ ಇಗೈನ್, ಅಲ್ಲಿಂದ ಅರ್ ವಿದ್ವ. 1896ರಿಂದ ಶಿಖರಕ್ಕೆ ರೈಲಿದೆ, ಪ್ರವಾಸಿಗರಿಗೆಂದು 2009ರಲ್ಲಿ ತೆರೆದ ಹಾವೋಡ್ ಎರರಿ ಎಂಬ ಕಟ್ಟಡವೂ ಇದೆ. ಏಣಿನ ಮೇಲೆ ಪ್ರಾಣ ಬಿಗಿಹಿಡಿದು ಬಂದವರು ಚಪ್ಪಲಿಯಲ್ಲಿ ಬಂದವರ ಹಿಂದೆ ಸಾಲು ನಿಲ್ಲಬೇಕು. ನಾವು ನಿಲ್ಲದೆ, ಬಿಸಿಲು ಮರಳಿದ್ದರಿಂದ ಕೆಂಪಗೆ ಕಾಣುತ್ತಿದ್ದ ಏಣನ್ನು ನೋಡುತ್ತ ಮಾಮೂಲಿ ದಾರಿಯಲ್ಲಿ ಇಳಿದೆವು.

ಇನ್ನು ಕಳೆದ ಅರ್ಧ ಅಂಕ. ಮೊದಲ ಪತ್ರಕ್ಕೆ ಉತ್ತರ ಬರಲು ಹನ್ನೊಂದು ದಿನವಾಯಿತು. ಸಾಮಾನಿನ ಪಟ್ಟಿಯಲ್ಲಿ 'ನೀರು ತಡೆಯುವ ಜಾಕೆಟ್' ಎಂದಷ್ಟೇ ಇತ್ತು. ಅಕ್ಟೋಬರಿನಲ್ಲಿ ನಾನು ಒಂದು ಅಂಗಡಿಯಿಂದ ಬಾಡಿಗೆಗೆ ತಂದದ್ದು ನಡೆಯುವಾಗ ನೀರು ತಡೆಯಿತು, ಬಂಡೆ ಹಿಡಿದು ಕೈ ಮೇಲೆತ್ತಿದ ಕೂಡಲೇ ತೋಳಿನ ಬಾಯಿಂದ ನೀರು ಇಳಿದು ಮೊಣಕೈಯಲ್ಲಿ ಸೇರಿತು. ಒಳಗಿನ ಹೊಲಿಗೆಯ ಪಟ್ಟಿಯೂ ಎದ್ದಿತ್ತು. ಮಣಿಕಟ್ಟಿನಲ್ಲಿ ಬಿಗಿಯಾಗುವ ತೋಳು, ಒದ್ದೆಯಾದರೆ ಬದಲಿಸಲು ಎರಡನೆಯ ಜೊತೆ ಕೈಗವಸು ಬೇಕೆಂದು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕಿತ್ತು. ಹೇಳಿದ ಮೇಲೆ ಸೇರಿಸಿದ್ದಾರೆ.

ಬೇರೆ ಯಾರನ್ನಾದರೂ ಗೊತ್ತುಮಾಡುವವರು ಅರ್ಹತೆಯನ್ನು ಕೇಳಲೇಬೇಕು. ಮೌಂಟನ್ ಲೀಡರ್ ಎಂಬ ಅರ್ಹತೆ ಬೆಟ್ಟದ ನಡಿಗೆಗೆ ಸಂಬಂಧಿಸಿದ್ದು. ಮೊದಲೇ ಯೋಜಿಸಿ ಹಗ್ಗ ಬಳಸುವ ಇಂಥ ಏಣಿಗೆ ಮೌಂಟನೀರಿಂಗ್ ಆ್ಯಂಡ್ ಕ್ಲೈಂಬಿಂಗ್ ಇನ್‌ಸ್ಟ್ರಕ್ಟರ್ ಎಂಬ ಮೇಲಿನ ಅರ್ಹತೆ ಬೇಕು. ದರದಲ್ಲಿ ವ್ಯತ್ಯಾಸ ಕಂಡರೆ ಕಾರಣ ಬಹುಶಃ ಇದೇ. ಪೆನ್-ಅ-ಪಾಸ್‌ನಲ್ಲಿ ವಾಹನ ನಿಲ್ಲಿಸುವ ಜಾಗವನ್ನು ಮೊದಲೇ ಕಾಯ್ದಿರಿಸಿ, ಇಲ್ಲವೇ ಕೆಳಗೆ ನಿಲ್ಲಿಸಿ ಬಸ್ಸಿನಲ್ಲಿ ಬನ್ನಿ.

ಹ್ಲಿನ್ ಹ್ಲಿಡಾವ್ ಕೆರೆಯ ಆಚೆ ದಡದ ಅ ಹ್ಲಿವೆದ್ ಎಂಬ ಇನ್ನೊಂದು ಏಣಿಗೆ ಸೆಪ್ಟೆಂಬರಿನಲ್ಲಿ ಒಂದು ದಿನ ಗೊತ್ತುಮಾಡಿ, ಹಣ ವಾಪಸಿಲ್ಲ ಎಂಬ ಅದೇ ಷರತ್ತಿಗೆ ಒಪ್ಪಿ ಮುಂಗಡ ಕಟ್ಟಿದ್ದೇವೆ. ಮೈದುನ ಈ ಸಲ ಮೂರು ಜೊತೆ ಕೈಗವಸು ಕೊಂಡಿದ್ದಾನೆ.