ಚಾರಣಕ್ಕೆ ಯಾವ ಒಲೆ: ಪೈಪಿನದೋ, ಡಬ್ಬಿ ಮೇಲೆ ಕೂರುವುದೋ, ಸ್ಪಿರಿಟ್ಟಿನದೋ?

ಪಶ್ಚಿಮ ಘಟ್ಟದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಎರಡು ಮೂರು ದಿನ ನಡೆಯುವ ಇಬ್ಬರಿಗೆ ನನ್ನ ಆಯ್ಕೆ ಪೈಪಿನ ಗ್ಯಾಸ್ ಒಲೆ. ಮೂರು ಕಾಲಿನ ಬರ್ನರ್ ನೆಲದ ಮೇಲಿರುತ್ತದೆ, ಗ್ಯಾಸ್ ಡಬ್ಬಿ ಒಂದಡಿ ಆಚೆ ಇರುತ್ತದೆ. ಇದರ ಎದುರು ಇರುವವು ಡಬ್ಬಿಯ ತಲೆಗೇ ತಿರುಗಿಸಿ ಕೂರಿಸುವ ಪುಟ್ಟ ಬರ್ನರ್, ಸ್ಪಿರಿಟ್ ಒಲೆ, ಹೆಕ್ಸಮಿನ್ ಬಿಲ್ಲೆ (ಹಚ್ಚಿ ಉರಿಸುವ ಗಟ್ಟಿ ಇಂಧನದ ತುಂಡು).

ತೂಕದಲ್ಲಿ ನನ್ನ ಆಯ್ಕೆ ಸೋಲುತ್ತದೆ. ಡಬ್ಬಿ ಮೇಲೆ ಕೂರುವ ಬರ್ನರ್ 25 ಗ್ರಾಮಿನಿಂದಲೇ ಸಿಗುತ್ತದೆ, ಪೈಪಿನದು 150–200 ಗ್ರಾಂ ತೂಗುತ್ತದೆ. ಆ ವ್ಯತ್ಯಾಸವನ್ನು ಗಾಳಿಯೊಂದೇ ಸರಿದೂಗಿಸಿಬಿಡುತ್ತದೆ. ಕುದುರೆಮುಖದ ಕಡೆಯ ಹುಲ್ಲುಗಾವಲಿನ ಏಣುಗಳಲ್ಲಿ ಬೀಸುವ ಗಾಳಿಗೆ ಮರೆಯಿಲ್ಲದ ಒಲೆಯಲ್ಲಿ ನೀರು ಬಿಸಿಯಾಗುತ್ತದೆ, ಕುದಿಯುವುದಿಲ್ಲ; ಗ್ಯಾಸ್ ಮಾತ್ರ ಖಾಲಿಯಾಗುತ್ತದೆ. ಹಾಗಂತ ಡಬ್ಬಿ ಮೇಲಿನ ಒಲೆಗೆ ಸುತ್ತಲೂ ತಗಡು ಕಟ್ಟುವಂತಿಲ್ಲ. ಒಳಗೆ ಸಿಕ್ಕಿಕೊಂಡ ಶಾಖ ಡಬ್ಬಿಗೆ ತಗುಲಿ ಒತ್ತಡ ಏರುತ್ತದೆ, ಡಬ್ಬಿ ಸಿಡಿಯಬಹುದು. ಕೈಯಿಟ್ಟರೆ ಡಬ್ಬಿ ಬೆಚ್ಚಗೆನಿಸಿದರೆ ಆಗಲೇ ಒಲೆ ಆರಿಸಬೇಕು. ಪೈಪಿನ ಒಲೆಗೆ ಈ ಭಯವಿಲ್ಲ: ಬರ್ನರನ್ನು ತಗಡಿನಿಂದ ಸುತ್ತುವರಿದು, ಅಡಿಯಲ್ಲಿ ಗಾಳಿಯಾಡಲು ಒಂದು ಬೆರಳು ಜಾಗ ಬಿಟ್ಟು, ಡಬ್ಬಿಯನ್ನು ಹೊರಗಿಟ್ಟರಾಯಿತು. ಪಾತ್ರೆಯೂ ನೆಲಕ್ಕೆ ಹತ್ತಿರ ಇರುವುದರಿಂದ ಸೌಟು ತಗುಲಿ ಉರುಳುವುದಿಲ್ಲ.

ನಿಜವಾದ ತಲೆನೋವು ಡಬ್ಬಿಯದು. ಈ ಒಲೆಗಳೆಲ್ಲ ಸ್ಕ್ರೂ ಬಾಯಿಯ ಡಬ್ಬಿಗೆ ಮಾಡಿದವು. ನಮ್ಮಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು ಪಿಕ್ನಿಕ್ ಒಲೆಗೆ ಹಾಕುವ ಉದ್ದ ಮೂತಿಯ ಬ್ಯುಟೇನ್ ಡಬ್ಬಿ, 220 ಗ್ರಾಂ ಆಸುಪಾಸಿನದು. ಹಾಗಾಗಿ ನಡುವೆ ಅಡಾಪ್ಟರ್ ಬೇಕೇ ಬೇಕು.

ಅಡಾಪ್ಟರ್ ಹಾಕಿದ ಮೇಲೆ ಡಬ್ಬಿಯನ್ನು ಅಡ್ಡ ಮಲಗಿಸಬೇಕು, ಮತ್ತು ಹೇಗೆ ಮಲಗಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಡಬ್ಬಿಯ ಕೊರಳಿನ ತಗಡಿನ ಬಳೆಯಲ್ಲಿ ಒಂದು ಕಚ್ಚು ಕಾಣುತ್ತದೆ. ಒಳಗಿನ ಕೊಳವೆ ಆ ಕಚ್ಚಿನ ದಿಕ್ಕಿಗೇ ಬಾಗಿರುತ್ತದೆ. ಕಚ್ಚು ಮೇಲ್ಮುಖವಾಗಿದ್ದರೆ ಕೊಳವೆಯ ಬಾಯಿ ದ್ರವದಿಂದ ಮೇಲಿದ್ದು ಅನಿಲ ಮಾತ್ರ ಹೊರಬರುತ್ತದೆ. ಕೆಳಮುಖವಾದರೆ ದ್ರವವೇ ಬರ್ನರಿಗೆ ನುಗ್ಗಿ, ಹಳದಿ ಜ್ವಾಲೆ ಭುಗ್ಗೆಂದು ಏಳುತ್ತದೆ. ಡಬ್ಬಿ ಉರುಳದಂತೆ ಎರಡೂ ಬದಿಗೆ ಸಣ್ಣ ಕಲ್ಲು ಕೊಡಿ. ಪೈಪ್ ಗಡುಸಾಗಿದ್ದರೆ ಅದೇ ಡಬ್ಬಿಯನ್ನು ತಿರುಚಿಬಿಡುತ್ತದೆ. ಕೊಳ್ಳುವಾಗ ಪೈಪ್ ಬಗ್ಗಿಸಿ ನೋಡಿ. ಇದೇ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ, ಮೇಲೆ ಅಡಾಪ್ಟರ್, ಅದರ ಮೇಲೆ ಪುಟ್ಟ ಬರ್ನರ್, ಅದರ ಮೇಲೆ ಅನ್ನದ ಪಾತ್ರೆ ಇಡುವವರಿದ್ದಾರೆ. ದಯವಿಟ್ಟು ಬೇಡ. ಬುಡ ಕಿರಿದು, ಎತ್ತರ ಹೆಚ್ಚು, ಕುದಿಯುವ ನೀರು ಕಾಲ ಮೇಲೆ ಬೀಳುತ್ತದೆ.

ಅಡಾಪ್ಟರಿನ ರಬ್ಬರ್ ವಾಷರ್ ಒಣಗಿ ಬಿರಿಯುತ್ತದೆ. ಹೊರಡುವ ಮುಂಚೆ ಮನೆಯ ಹೊರಗೆ, ಸುತ್ತ ಬೆಂಕಿಯಿಲ್ಲದಲ್ಲಿ ಜೋಡಿಸಿ, ಪ್ರತಿ ಸಂದಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಬಿಚ್ಚುವಾಗ ಮೊದಲು ಡಬ್ಬಿಯ ಕಡೆ ಗ್ಯಾಸ್ ನಿಲ್ಲಿಸಿ, ಪೈಪಿನಲ್ಲಿ ಉಳಿದಿದ್ದು ಉರಿದು ಮುಗಿಯಲು ಬಿಡಿ.

ಸ್ಪಿರಿಟ್ ಒಲೆ ಸದ್ದಿಲ್ಲದ್ದು, ಕೆಡುವ ಭಾಗವೇ ಇಲ್ಲ. ಗಾಳಿಮರೆ ಚೆನ್ನಾಗಿದ್ದರೆ ಅರ್ಧ ಲೀಟರ್ ನೀರಿಗೆ ಸುಮಾರು 20 ಎಂ.ಎಲ್. ಸಾಕು. ಆದರೆ ಅಷ್ಟೇ ತೂಕದ ಬ್ಯುಟೇನಿಗೆ ಹೋಲಿಸಿದರೆ ಇದರ ಶಾಖ ಹೆಚ್ಚುಕಡಿಮೆ ಅರ್ಧ. ಹಗಲಲ್ಲಿ ಜ್ವಾಲೆ ಕಣ್ಣಿಗೆ ಕಾಣದು, ಆರಿದೆ ಎಂದುಕೊಂಡು ಬಾಟಲಿಯಿಂದ ಸುರಿದರೆ ಬೆಂಕಿ ಬಾಟಲಿಗೇ ಹತ್ತುತ್ತದೆ. ಉರಿ ತಗ್ಗಿಸುವ ಮುಚ್ಚಳವಿರುವ ಹಿತ್ತಾಳೆ ಒಲೆಗಳಿವೆ. ಪ್ರತಿ ಸಲ ಪಾತ್ರೆ ಇಳಿಸಿ, ಬಿಸಿ ಮುಚ್ಚಳ ಸರಿಸಬೇಕು. ಅನ್ನ ಬೇಯಿಸುವವರಿಗೆ ಇದು ಒಗ್ಗದು.

ಹೆಕ್ಸಮಿನ್ ಬಿಲ್ಲೆ ತುರ್ತಿಗೆ ಸರಿ. ಪಾತ್ರೆಯ ತಳಕ್ಕೆ ಅಂಟುವ ಮಸಿ, ಆ ವಾಸನೆ ದಿನದ ಅಡುಗೆಗೆ ಬೇಡ.

ಚಳಿಯಲ್ಲಿ ಉದ್ದ ಮೂತಿಯ ಡಬ್ಬಿಯ ಮಿತಿ ಗೊತ್ತಿರಲಿ. ಬ್ಯುಟೇನಿನ ಕುದಿಬಿಂದು −0.5 ಡಿಗ್ರಿ, ಗ್ಯಾಸ್ ಹೊರಬರುತ್ತಿದ್ದಂತೆ ಡಬ್ಬಿ ತಾನೇ ತಣ್ಣಗಾಗುವುದರಿಂದ, ಹೊರಗೆ 8–10 ಡಿಗ್ರಿ ಇದ್ದಾಗಲೇ ಉರಿ ಸೊರಗತೊಡಗುತ್ತದೆ. ಅಗಲವಾದ ತಟ್ಟೆಯಲ್ಲಿ ತುಸು ತಣ್ಣೀರು ಹಾಕಿ ಡಬ್ಬಿಯನ್ನು ಅದರಲ್ಲಿಟ್ಟರೆ ಉರಿ ಚೇತರಿಸಿಕೊಳ್ಳುತ್ತದೆ. ಬಿಸಿನೀರು ಕೂಡದು. ಹಿಮಾಲಯಕ್ಕೆ ಪ್ರೊಪೇನ್, ಐಸೊಬ್ಯುಟೇನ್ ಬೆರೆಸಿದ ಸ್ಕ್ರೂ ಡಬ್ಬಿಯೇ ಬೇಕು. ಅದನ್ನು ಅಲ್ಲೇ ಹೋಗಿ ಕೊಳ್ಳಬೇಕು, ಏಕೆಂದರೆ ವಿಮಾನದಲ್ಲೂ ರೈಲಿನಲ್ಲೂ ಗ್ಯಾಸ್ ಒಯ್ಯುವಂತಿಲ್ಲ. ಪೈಪಿನ ಒಲೆಯಾದರೆ ಅಡಾಪ್ಟರ್ ತೆಗೆದು ಆ ಡಬ್ಬಿಯನ್ನು ನೇರವಾಗಿ ಜೋಡಿಸಬಹುದು.

ಬೆಳಿಗ್ಗೆ ಒಗ್ಗರಣೆ ಹಾಕಿದ ಅವಲಕ್ಕಿ, ಕಾಫಿ, ರಾತ್ರಿ ಅನ್ನ ಸಾರು ನನ್ನ ರೂಢಿ, ಹಾಗಾಗಿ ಸಣ್ಣ ಉರಿ ಬೇಕೇ ಬೇಕು. ಪೈಪಿನ ಒಲೆಗೆ ಮೊದಲು ಹೆಚ್ಚು ಖರ್ಚಾದರೂ ಪ್ರತಿ ಸಲದ ಡಬ್ಬಿ ಅಗ್ಗ. ಒಬ್ಬರೇ ಹೋಗಿ, ಬರೀ ನೀರು ಕಾಯಿಸಿ ನೂಡಲ್ಸ್‌ಗೆ ಹಾಕಿಕೊಳ್ಳುವವರಾದರೆ ಡಬ್ಬಿ ಮೇಲಿನ 25 ಗ್ರಾಮಿನ ಬರ್ನರ್ ತಗೊಳ್ಳಿ, ಜೊತೆಗೆ ಚಿಕ್ಕ ಸ್ಕ್ರೂ ಡಬ್ಬಿ. ಅಗಲ ಪಾತ್ರೆ ಮಾತ್ರ ಅದರ ಮೇಲೆ ಇಡಬೇಡಿ.